ಇಂಗ್ಲಿಷಿನಲ್ಲಿ ‘ಆಲ್‌ದೋ’ ಇದ್ದರೆ ‘ಬಟ್’ ಏಕೆ ಬರಬಾರದು? ‘ಫ್ಯೂ’ ಮತ್ತು ‘ಎ ಫ್ಯೂ’ ಹೇಗೆ ಬೇರೆ?

ವಿರೋಧವನ್ನು ಸೂಚಿಸಲು ಇಂಗ್ಲಿಷ್ ವಾಕ್ಯಕ್ಕೆ ಒಂದೇ ಕೊಂಡಿ ಸಾಕು. ಆದ್ದರಿಂದ ‘ಆಲ್‌ದೋ’ ಇದ್ದಲ್ಲಿ ‘ಬಟ್’ ಬರುವುದಿಲ್ಲ. ‘ಆಲ್‌ದೋ’ ತಾನು ಸೇರಿದ ಉಪವಾಕ್ಯವನ್ನು ಮುಖ್ಯವಾಕ್ಯಕ್ಕೆ ಅಧೀನಗೊಳಿಸುತ್ತದೆ, ‘ಬಟ್’ ಎರಡು ಸಮಾನ ವಾಕ್ಯಗಳನ್ನು ಜೋಡಿಸುತ್ತದೆ. ಎರಡನ್ನೂ ಬಳಸಿದರೆ ಒಂದೇ ಮಾತನ್ನು ಅಧೀನವೆಂದೂ ಸಮಾನವೆಂದೂ ಹೇಳಿದಂತಾಗುತ್ತದೆ. ಕೊಡಗಿನ ತೋಟದಲ್ಲಿ ನಿಂತು ‘ಹೂ ಅರಳಿಸುವ ಮಳೆ ಬಂದರೂ ಕಾಫಿ ಗಿಡದಲ್ಲಿ ಕಾಯಿ ಕಚ್ಚಲಿಲ್ಲ’ ಎನ್ನುವಾಗ ‘ಬಂದರೂ’ ಎಂಬುದರ ಕೊನೆಯ ‘ಊ’ ಒಂದೇ ಈ ಕೆಲಸವನ್ನು ಪೂರೈಸುತ್ತದೆ. ಅದರ ಮುಂದೆ ನಾವು ‘ಆದರೆ’ ಸೇರಿಸುವುದಿಲ್ಲ. ಇಂಗ್ಲಿಷಿನಲ್ಲಿ ತಪ್ಪಿದ್ದರೆ ಎರಡರಲ್ಲಿ ಯಾವುದಾದರೊಂದನ್ನು ಹೊಡೆದುಹಾಕಿದರೆ ವಾಕ್ಯ ಸರಿಹೋಗುತ್ತದೆ.

ಪರಿಮಾಣದ ಪದಗಳಲ್ಲಿ ಎಚ್ಚರ ಬೇಕಾದುದು ‘ಎ’ ಎಂಬ ಪುಟ್ಟ ಪದದ ಬಗ್ಗೆ. ಗಿಡದಲ್ಲಿ ‘ಎ ಫ್ಯೂ ಬೆರೀಸ್’ ಇವೆ ಎಂದರೆ ಕೆಲವು ಹಣ್ಣುಗಳಿವೆ, ಕೊಯ್ಯಲು ಹೋಗಬಹುದು. ‘ಫ್ಯೂ ಬೆರೀಸ್’ ಎಂದರೆ ಕೆಲವೇ ಹಣ್ಣುಗಳಿವೆ, ಆಳು ಕರೆಸಿದರೆ ಕೂಲಿಯೂ ಗಿಟ್ಟದು. ಹಣ್ಣುಗಳ ಸಂಖ್ಯೆ ಎರಡರಲ್ಲೂ ಒಂದೇ ಇರಬಹುದು, ಬದಲಾಗುವುದು ಹೇಳುವವರ ನೋಟ. ಕನ್ನಡದ ‘ಕೆಲವೇ’ ಎಂಬುದರ ಕೊನೆಯ ‘ಏ’ಕಾರ ಮಾಡುವ ಕೆಲಸವನ್ನೇ ಇಂಗ್ಲಿಷಿನಲ್ಲಿ ‘ಎ’ ಇಲ್ಲದಿರುವುದು ಮಾಡುತ್ತದೆ. ಮಳೆ, ನೀರು, ಗೊಬ್ಬರದಂತಹ, ಒಂದೊಂದಾಗಿ ಎಣಿಸಲಾಗದವಕ್ಕೆ ಇದೇ ನಿಯಮದಲ್ಲಿ ‘ಲಿಟಲ್’ ಮತ್ತು ‘ಎ ಲಿಟಲ್’ ಬರುತ್ತವೆ.