ಮಸ್ಕೆಟ್ ನಳಿಗೆಯ ಒಳಭಾಗವನ್ನು ಉಜ್ಜಿ ಹೊಳಪು ಕೊಡಬೇಕಾ? ಪಳಗಿಸಬೇಕಾ?

ಬಾಯಿಯಿಂದ ಮದ್ದು ತುಂಬುವ ಹಳೆಯ ಕಾಲದ ಕೋವಿ, ಮಸ್ಕೆಟ್, ನಿಮ್ಮದು. ನಳಿಗೆಯ ಒಳಗೆ ಒರಟಾಗಿದೆ, ತುಕ್ಕಿನ ಕಲೆಯೂ ಇದೆ, ಕನ್ನಡಿ ಹಾಗೆ ಉಜ್ಜಿ ಎಣ್ಣೆ ಹಾಕಿ ಪಳಗಿಸಲಾ ಎಂದು ಕೇಳಿದ್ದೀರಿ. ತುಕ್ಕು ಹೋಗುವಷ್ಟು ಉಜ್ಜಿ, ಸಾಕು. ಹೊಳಪಿನ ಹಿಂದೆ ಹೋಗಬೇಡಿ.

ಎಲ್ಲಕ್ಕಿಂತ ಮೊದಲು, ಒಳಗೆ ಮದ್ದುಗುಂಡು ಇದೆಯಾ ನೋಡಿ. ಬಾಯಿಯ ಕಡೆ ನಿಲ್ಲದೆ ಗಜವನ್ನು (ಮದ್ದುಗುಂಡು ಒಳಗೆ ತಳ್ಳುವ ಸಲಾಕೆ) ಒಳಗೆ ಬಿಟ್ಟು, ಬಾಯಿಯ ಮಟ್ಟಕ್ಕೆ ಗುರುತು ಹಾಕಿ. ಹೊರಗೆ ತೆಗೆದು ನಳಿಗೆಯ ಪಕ್ಕದಲ್ಲಿ ಇಟ್ಟು ನೋಡಿ. ಗಜದ ತುದಿ ಕಿಡಿ ಹೋಗುವ ತೂತಿನ ಹತ್ತಿರ ಬರದೆ ಮುಂದೆಯೇ ನಿಂತರೆ ಏನೋ ಇದೆ ಎಂದೇ ಅರ್ಥ. ಹಳೆಯ ಕೋವಿಗಳಲ್ಲಿ ಎಷ್ಟೋ ವರ್ಷದ ಹಿಂದೆ ತುಂಬಿದ ಮದ್ದು ಹಾಗೇ ಉಳಿದಿರುತ್ತದೆ. ಅದು ಈಗಲೂ ಹೊತ್ತಿಕೊಳ್ಳಬಲ್ಲದು.

ಇನ್ನು ಹೊಳಪಿನ ವಿಷಯ. ಬ್ರಿಟಿಷ್ ಸೈನ್ಯದ ಹಳೆಯ ಬ್ರೌನ್ ಬೆಸ್ ಮಸ್ಕೆಟ್ಟಿನ ನಳಿಗೆಯ ಒಳ ಅಗಲ ಸುಮಾರು 0.75 ಇಂಚು, ಗುಂಡು ಸುಮಾರು 0.69 ಇಂಚು. ಮಸಿ ಕಟ್ಟಿದ ಮೇಲೂ ಗುಂಡು ಇಳಿಯಲಿ ಎಂದೇ ಅಷ್ಟು ಸಡಿಲ ಬಿಟ್ಟಿದ್ದು. ಇಂಥ ನಳಿಗೆಗೆ ಕನ್ನಡಿ ಹೊಳಪಿನಿಂದ ಗುರಿ ಸುಧಾರಿಸುವುದಿಲ್ಲ. ಡ್ರಿಲ್‌ಗೆ ಒರಟು ಸ್ಯಾಂಡ್ ಪೇಪರ್ ಸುತ್ತಿ ಉಜ್ಜಿದರೆ ಲೋಹ ಸವೆಯುತ್ತದೆ, ಅದೂ ಎಲ್ಲ ಕಡೆ ಒಂದೇ ಸಮ ಅಲ್ಲ. ಸವೆದದ್ದು ಮತ್ತೆ ಬರುವುದಿಲ್ಲ ಅಲ್ವಾ? ನಾನು ಬಳಸುವುದು 0000 ನಂಬರಿನ, ಎಂದರೆ ಅತಿ ಸಣ್ಣ ಎಳೆಯ ಸ್ಟೀಲ್ ವುಲ್, ಸ್ವಲ್ಪ ಎಣ್ಣೆ, ನನ್ನ ಎರಡು ಕೈ. ಸಲಾಕೆ ಬಾಯಿಯ ಅಂಚಿಗೆ ಉಜ್ಜದಂತೆ ನೋಡಿಕೊಳ್ಳಿ. ಕಪ್ಪು ಕಲೆ ಉಳಿದರೂ ಚಿಂತೆಯಿಲ್ಲ, ಬಟ್ಟೆ ಎಲ್ಲೂ ಸಿಕ್ಕಿಕೊಳ್ಳದೆ ಓಡಾಡಿದರೆ ಸಾಕು. ಬುಡದ ಹತ್ತಿರ ಆಳವಾದ ಗುಳಿಗಳಿದ್ದರೆ ಮಾತ್ರ ಕೋವಿ ರಿಪೇರಿ ಬಲ್ಲವರಿಗೆ ತೋರಿಸದೆ ಹಾರಿಸಲೇಬೇಡಿ. ಒತ್ತಡ ಅತಿ ಜಾಸ್ತಿ ಇರುವುದು ಅಲ್ಲೇ.

ಬೀಡು ಕಬ್ಬಿಣದ ಕಾವಲಿಯಂತೆ ನಳಿಗೆಯನ್ನು ಪಳಗಿಸಬಹುದು ಎಂದು ತುಂಬ ಜನ ನಂಬುತ್ತಾರೆ. ನಾನು ಒಪ್ಪುವುದಿಲ್ಲ. ಪ್ರತಿ ಸಲ ಬಿಸಿನೀರು, ಸೋಪು ಹಾಕಿ ತೊಳೆಯಲೇಬೇಕಾದ ಜಾಗದಲ್ಲಿ ಯಾವ ಲೇಪ ನಿಲ್ಲುತ್ತದೆ? ತೊಳೆಯದೆ ಬಿಟ್ಟರೆ ಆ ಲೇಪದ ಅಡಿಯಲ್ಲೇ ತುಕ್ಕು ಏಳುತ್ತದೆ. ಕರಿಮದ್ದು ಸುಟ್ಟಾಗ ಅದರ ಅರ್ಧಕ್ಕಿಂತ ಹೆಚ್ಚು ತೂಕ ಉಪ್ಪಿನಂಥ ಪುಡಿಯಾಗುತ್ತದೆ. ನಳಿಗೆಯಲ್ಲಿ ಅಂಟಿಕೊಂಡದ್ದು ಗಾಳಿಯ ತೇವ ಹೀರಿ ಕಬ್ಬಿಣವನ್ನು ತಿನ್ನುತ್ತದೆ. ಅದು ನೀರಿನಲ್ಲಿ ಕರಗುತ್ತದೆ, ಬರೀ ಎಣ್ಣೆಯಲ್ಲಿ ಅಲ್ಲ.

ಹಾಗಾಗಿ ಹಾರಿಸಿದ ದಿನವೇ ತೊಳೆಯಿರಿ. ಬಟ್ಟೆ ಬೆಳ್ಳಗೆ ಬರುವ ತನಕ ಒರೆಸಿ, ನಳಿಗೆ ಬೆಚ್ಚಗಿರುವಾಗಲೇ ಎಣ್ಣೆ ಸವರಿ. ಒಮ್ಮೆ ನಾನು ಕುದಿಯುವ ನೀರು ಹಾಕಿ ತೊಳೆದು, ಎಣ್ಣೆ ಆಮೇಲೆ ಹಚ್ಚೋಣ ಎಂದು ಬಿಟ್ಟಿದ್ದೆ. ಬಂದು ನೋಡಿದರೆ ಒಳಗೆಲ್ಲ ಕಿತ್ತಳೆ ಬಣ್ಣ. ಎಣ್ಣೆ ಬುಡಕ್ಕೆ ಇಳಿದು ತೂತು ಕಟ್ಟದಂತೆ ಬಾಯಿ ಕೆಳಗೆ ಮಾಡಿ ನಿಲ್ಲಿಸಿ. ಪೆಟ್ರೋಲಿಯಂ ಎಣ್ಣೆ ಹಚ್ಚಿಟ್ಟಿದ್ದರೆ, ಮುಂದಿನ ಸಲ ಮದ್ದು ತುಂಬುವ ಮೊದಲು ಪೂರ್ತಿ ಒರೆಸಿ ತೆಗೆಯಿರಿ. ಇಲ್ಲದಿದ್ದರೆ ಮಸಿಯ ಜೊತೆ ಸೇರಿ ಡಾಂಬರಿನ ಹಾಗೆ ಅಂಟುತ್ತದೆ.

ಮಾರನೇ ದಿನ ಒಂದು ಬಿಳಿ ಬಟ್ಟೆ ಓಡಿಸಿ ನೋಡಿ. ಕಂದು ಬಣ್ಣ ಬಂದರೆ ಇನ್ನೊಮ್ಮೆ ತೊಳೆದು, ಒಣಗಿಸಿ, ಮತ್ತೆ ಎಣ್ಣೆ ಹಚ್ಚಿ.