ಬಾಹ್ಯಾಕಾಶ ನಿಲ್ದಾಣದ ಅಪಾಯ ಕಿವಿಗೆ ಹೇಗೆ ಕೇಳಬೇಕು?

(ಪತ್ರದ ಸಾರ: ಹುಬ್ಬಳ್ಳಿಯ ಓದುಗರೊಬ್ಬರು ಗೆಳೆಯರ ಜೊತೆ ಸೇರಿ ಅರ್ಧ ಗಂಟೆಯ ಆಡಿಯೊ ನಾಟಕ ಬರೆದು ಕಳಿಸಿದ್ದಾರೆ. ನಿಲ್ದಾಣಕ್ಕೆ ಉಲ್ಕೆಯ ಚೂರು ಬಡಿಯುತ್ತದೆ. ಹೊರಗೆ ಸ್ಫೋಟದ ಸದ್ದು, ಒಳಗೆ ಸೈರನ್ನು, ಬೂಟುಗಾಲಿನ ಓಟ, ಹತ್ತೇ ಸೆಕೆಂಡಿನಲ್ಲಿ ಗಾಳಿ ಖಾಲಿ, ಕೊನೆಗೆ ಉದ್ದದ ಭಾಷಣ, ನಾಯಕನ ಸಾವು. "ವಿಜ್ಞಾನದ ತಪ್ಪು ತಿದ್ದಿಕೊಡಿ. ಆದರೆ ಸ್ಫೋಟ, ಓಟ ಎರಡನ್ನೂ ತೆಗೆದುಬಿಟ್ಟರೆ ಕೇಳುಗರು ಯಾವುದಕ್ಕೆ ಹೆದರಬೇಕು?" ಎಂಬುದು ಅವರ ಪ್ರಶ್ನೆ.)

ಫ್ಯಾನು ನಿಂತದ್ದಕ್ಕೆ ಹೆದರಬೇಕು. ಭಾರವೇ ಇಲ್ಲದ ಕಡೆ ಬಿಸಿಗಾಳಿ ಮೇಲೇರುವುದಿಲ್ಲ, ಗಾಳಿ ತಾನಾಗಿ ಅಲುಗುವುದೂ ಇಲ್ಲ. ಮಲಗಿದವರ ಮುಖದ ಸುತ್ತ ಅವರೇ ಬಿಟ್ಟ ಇಂಗಾಲದ ಡೈಆಕ್ಸೈಡ್ ಹಾಗೇ ನಿಂತು ತಲೆನೋವು ತರುತ್ತದೆ. ಅದಕ್ಕೇ ಅಲ್ಲಿ ಹಗಲೂ ರಾತ್ರಿ ಫ್ಯಾನುಗಳು ಗುಂಯ್‌ಗುಡುತ್ತಿರುತ್ತವೆ. ನಾಟಕದ ಮೊದಲ ನಿಮಿಷದಿಂದಲೇ ಆ ಗುಂಯ್ ಕೇಳುಗರ ಕಿವಿಗೆ ಒಗ್ಗಿಹೋಗಲಿ. ಆಮೇಲೆ ಅದು ನಿಂತರೆ ಸಾಕು, ಯಾರೂ ಕಿರುಚಬೇಕಾಗಿಲ್ಲ.

1997ರ ಜೂನ್ 25ರಂದು ರಷ್ಯಾದ ಮಿರ್ ನಿಲ್ದಾಣದಲ್ಲಿ ಹೀಗೇ ಆಯಿತು. ಸರಕು ಸಾಗಿಸುವ ಪ್ರೋಗ್ರೆಸ್ ನೌಕೆ ಸ್ಪೆಕ್ಟರ್ ಕೋಣೆಗೆ ಗುದ್ದಿತು. ನಿಲ್ದಾಣದಲ್ಲಿದ್ದವರು ರಷ್ಯಾದ ಸಿಬ್ಲಿಯೆವ್, ಲಜುಟ್ಕಿನ್ ಮತ್ತು ಅಮೆರಿಕದ ಮೈಕೆಲ್ ಫೋಲ್. ಗುದ್ದಿದ ಪೆಟ್ಟು ಕೇಳಿತು, ಕಿವಿ ಕಟ್ಟಿದಂತಾಯಿತು. ಸ್ಪೆಕ್ಟರ್ ಬಾಗಿಲು ಮುಚ್ಚೋಣವೆಂದರೆ ಬಾಗಿಲ ನಡುವೆಯೇ ಕೇಬಲ್ಲುಗಳು ಹಾದುಹೋಗಿದ್ದವು. ಅವನ್ನು ಕಿತ್ತು, ಕತ್ತರಿಸಿ ದಾರಿ ಬಿಡಿಸಿದರೂ ಒಳಕ್ಕೆ ಎಳೆಯುತ್ತಿದ್ದ ಗಾಳಿ ಬಾಗಿಲನ್ನು ಮುಚ್ಚಗೊಡಲಿಲ್ಲ. ಕೊನೆಗೆ ಈಚೆ ಕಡೆಯಿಂದ ಬೇರೊಂದು ಮುಚ್ಚಳ ತಂದಿಟ್ಟರು. ಗಾಳಿಯ ಒತ್ತಡವೇ ಅದನ್ನು ಬಿಗಿಯಾಗಿ ಒತ್ತಿಹಿಡಿಯಿತು. ಆದರೆ ಸ್ಪೆಕ್ಟರಿನ ಸೌರಫಲಕಗಳ ವಿದ್ಯುತ್ತು ಆ ಕೇಬಲ್ಲುಗಳಲ್ಲೇ ಬರುತ್ತಿತ್ತು. ನಿಲ್ದಾಣ ತಿರುಗತೊಡಗಿತು, ವಿದ್ಯುತ್ತು ಬತ್ತಿತು, ಫ್ಯಾನುಗಳು ನಿಂತವು. ಫೋಲ್ ಕಿಟಕಿಯ ಬಳಿ ಹೆಬ್ಬೆರಳು ಚಾಚಿ, ನಕ್ಷತ್ರಗಳು ಅದನ್ನು ದಾಟುವ ವೇಗದಿಂದ ನಿಲ್ದಾಣ ಎಷ್ಟು ಜೋರಾಗಿ ತಿರುಗುತ್ತಿದೆಯೆಂದು ಅಂದಾಜು ಮಾಡಿದರು. ಉಸಿರು ಉಳಿಸಿಕೊಳ್ಳಲು ಮಾಡಿದ ಕೆಲಸವೇ ಬೆಳಕನ್ನು ಕಿತ್ತುಕೊಂಡಿತು. ನಿಮ್ಮ ಎರಡನೆಯ ದೃಶ್ಯಕ್ಕೆ ಬೇಕಾಗಿರುವ ಇಕ್ಕಟ್ಟು ಇಂಥದ್ದು.

ಇನ್ನು ಆ ಹತ್ತು ಸೆಕೆಂಡು. ತೂತಿನ ಅಳತೆ ಎಷ್ಟೆಂದು ಮೊದಲೇ ಗೊತ್ತುಮಾಡಿಕೊಳ್ಳಿ, ಕಥೆಯ ಗಡಿಯಾರ ಅದರಿಂದಲೇ ಹುಟ್ಟುತ್ತದೆ. ಒಳಗೆ ಸುಮಾರು 1000 ಘನ ಮೀಟರ್ ಜಾಗ, ನಮ್ಮ ಸಮುದ್ರಮಟ್ಟದಷ್ಟೇ ಒತ್ತಡ, ಅಂದರೆ 101 ಕಿಲೊಪಾಸ್ಕಲ್, ಇದೆ ಅನ್ನಿ. ಒತ್ತಡ 70ಕ್ಕೆ ಇಳಿದರೆ ಮೂರು ಸಾವಿರ ಮೀಟರ್ ಎತ್ತರದ ಬೆಟ್ಟ ಹತ್ತಿದಂತೆ. 5 ಸೆಂಟಿಮೀಟರ್ ಅಗಲದ ತೂತಾದರೆ ಅಲ್ಲಿಗೆ ಇಳಿಯಲು ಸುಮಾರು 20 ನಿಮಿಷ ಬೇಕು. 2 ಸೆಂಟಿಮೀಟರ್ ಆದರೆ ಎರಡು ಗಂಟೆಯ ಹತ್ತಿರ. 2 ಮಿಲಿಮೀಟರ್ ಆದರೆ ವಾರ ದಾಟುತ್ತದೆ. ಅಗಲ ಇಮ್ಮಡಿಯಾದರೆ ಸಮಯ ಕಾಲುಭಾಗಕ್ಕಿಳಿಯುತ್ತದೆ, ನಿಲ್ದಾಣ ಅರ್ಧದಷ್ಟಿದ್ದರೆ ಸಮಯವೂ ಅರ್ಧ. 2018ರ ಆಗಸ್ಟಿನಲ್ಲಿ ಅಂತರರಾಷ್ಟ್ರೀಯ ನಿಲ್ದಾಣಕ್ಕೆ ಜೋಡಿಸಿದ್ದ ಸೊಯುಜ್ ನೌಕೆಯಲ್ಲಿ ಸುಮಾರು 2 ಮಿಲಿಮೀಟರಿನ ತೂತು ಸೋರುತ್ತಿತ್ತು. ಭೂಮಿಯಲ್ಲಿದ್ದವರಿಗೆ ರಾತ್ರಿಯೇ ತಿಳಿದರೂ ಸಿಬ್ಬಂದಿಯನ್ನು ಎಬ್ಬಿಸದೆ ಮಲಗಲು ಬಿಟ್ಟರು. ಎದ್ದಮೇಲೆ ಹುಡುಕಿ, ಗಾಜ್ ಬಟ್ಟೆಗೆ ಎಪಾಕ್ಸಿ ಅಂಟು ಹಚ್ಚಿ ಮುಚ್ಚಿದರು. ನಿಮ್ಮದು ಅರ್ಧ ಗಂಟೆಯ ನಾಟಕ. 5 ಸೆಂಟಿಮೀಟರಿನ ತೂತು ಸರಿಹೊಂದುತ್ತದೆ. ಆಗ ನಾಟಕದ ಸಮಯ, ಪಾತ್ರಗಳ ಸಮಯ ಎರಡೂ ಒಂದೇ ಆಗುತ್ತವೆ. ಪ್ರತಿ ಎರಡು ಮೂರು ನಿಮಿಷಕ್ಕೊಮ್ಮೆ ಯಾರಾದರೂ ಒತ್ತಡದ ಅಂಕಿ ಓದಲಿ. "ಎಷ್ಟೈತಿ?" "ಎಂಬತ್ತೊಂದು. ಇಳ್ಯಾಕತ್ತೈತಿ." ಇಷ್ಟು ಸಾಕು. ಒಂದು ಪಾತ್ರಕ್ಕೆ ನಿಮ್ಮೂರ ಮಾತು ಕೊಟ್ಟಿರುವುದನ್ನು ದಯವಿಟ್ಟು ಬದಲಿಸಬೇಡಿ. 2025ರಲ್ಲಿ ಶುಭಾಂಶು ಶುಕ್ಲಾ ಹೋದ ಯಾನದಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಪ್ರಯೋಗಕ್ಕಾಗಿ ಹೆಸರುಕಾಳು, ಮೆಂತ್ಯ ನಿಲ್ದಾಣಕ್ಕೆ ಹೋಗಿ ಮೊಳಕೆಯೊಡೆದಿವೆ. ಆ ಸೀಮೆಯ ಮಾತೂ ಅಲ್ಲಿಗೆ ಹೋಗಲಿ.

ಬೂಟಿನ ಸಪ್ಪಳ ಪೂರ್ತಿ ತೆಗೆಯಿರಿ, ಅಲ್ಲಿ ಯಾರೂ ನಡೆಯುವುದಿಲ್ಲ. ಬದಲಿಗೆ ಕಂಬಿ ಹಿಡಿದ ಅಂಗೈಯ ಸದ್ದು, ವೆಲ್ಕ್ರೊ ಕಿತ್ತ ಸದ್ದು, ಬಟ್ಟೆ ಗೋಡೆಗೆ ಸವರಿದ ಸದ್ದು. ಚೂರು ಬಡಿದದ್ದು ಒಳಗಿನವರಿಗೆ ಗೋಡೆಯ ಮೂಲಕ ಕೇಳುತ್ತದೆ, ಅದನ್ನು ಉಳಿಸಿಕೊಳ್ಳಿ. ಹೊರಗೆ ಸದ್ದು ಸಾಗಿಸಲು ಗಾಳಿಯೇ ಇಲ್ಲ, ಹಾಗಾಗಿ ಅಲ್ಲಿ ಸ್ಫೋಟ ಕೇಳದು. ಸ್ಪೇಸ್‌ಸೂಟಿನಲ್ಲಿರುವವರಿಗೆ ತಮ್ಮ ಉಸಿರು, ಸೂಟಿನ ಫ್ಯಾನು, ರೇಡಿಯೊ ಬಿಟ್ಟರೆ ಹೆಚ್ಚೇನೂ ಕೇಳದು. ಸೈರನ್ನು ಐದಾರು ಸೆಕೆಂಡಿಗೆ ಸಾಕು. ಮಾತಾಡಲು ಸಿಬ್ಬಂದಿ ಅದನ್ನು ಬೇಗ ಆರಿಸಿಬಿಡುತ್ತಾರೆ.

ಧ್ವನಿಮುದ್ರಣದ ವಿಷಯ. ಕಂಪ್ಯೂಟರಿನ ಫ್ಯಾನು, ಅಡುಗೆಮನೆಯ ಚಿಮಣಿ, ಬಚ್ಚಲಿನ ಎಕ್ಸಾಸ್ಟ್ ಇವನ್ನು ತಲಾ ಎರಡು ನಿಮಿಷ ಬೇರೆಬೇರೆಯಾಗಿ ಹಿಡಿದಿಡಿ. ಒಂದೊಂದು ಕೋಣೆಗೆ ಒಂದೊಂದು ಕೊಟ್ಟರೆ ಪಾತ್ರ ಎಲ್ಲಿದೆಯೆಂದು ಮಾತಿನಲ್ಲಿ ಹೇಳಬೇಕಾಗುವುದಿಲ್ಲ. ಮಾತಿಗಿಂತ 18ರಿಂದ 20 ಡೆಸಿಬಲ್ ಕೆಳಗಿಡಿ. ಬಹಳ ಮಂದಿ ಎಡವುವುದು ಇಲ್ಲಿ: ದಪ್ಪ ಗುಂಯ್ ಹೆಡ್‌ಫೋನಿನಲ್ಲಿ ಚೆನ್ನಾಗಿರುತ್ತದೆ, ಮೊಬೈಲಿನ ಸ್ಪೀಕರಿನಲ್ಲಿ ಕೇಳುವುದೇ ಇಲ್ಲ, ಕೇಳದ ಸದ್ದು ನಿಂತರೆ ಯಾರಿಗೆ ಗೊತ್ತಾಗುತ್ತದೆ? 300ರಿಂದ 800 ಹರ್ಟ್ಸ್ ನಡುವಿನ ಭಾಗವನ್ನು ಸ್ವಲ್ಪ ಏರಿಸಿ, ಮೊಬೈಲಿನಲ್ಲೇ ಕೇಳಿ ನೋಡಿ. ರೇಡಿಯೊದಲ್ಲಿ ಬರುವ ದನಿಗೆ 300 ಹರ್ಟ್ಸಿಗಿಂತ ಕೆಳಗಿನದನ್ನೂ 3400ಕ್ಕಿಂತ ಮೇಲಿನದನ್ನೂ ಕತ್ತರಿಸಿ. ಫ್ಯಾನು ನಿಂತ ಕ್ಷಣವನ್ನು ಪೂರ್ತಿ ಖಾಲಿ ಬಿಡಬೇಡಿ, ಕಡತ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಹತ್ತಿರದಿಂದ ಹಿಡಿದ ಒಂದು ಉಸಿರು ಅಲ್ಲಿರಲಿ.

ನಾಯಕ ಯಾಕೆ ಸಾಯುತ್ತಾನೆಂದು ಕಥೆಯಲ್ಲಿ ಇನ್ನೂ ಗಟ್ಟಿಯಾಗಿಲ್ಲ. ಮರಳುವ ನೌಕೆ ಯಾವ ಕಡೆ ಜೋಡಿಸಿದೆ, ಅದರಲ್ಲಿ ಎಷ್ಟು ಸೀಟು ಎಂಬುದನ್ನು ಮೊದಲ ದೃಶ್ಯದಲ್ಲೇ ಹೇಳಿಬಿಡಿ. 1997ರ ಫೆಬ್ರುವರಿ 23ರಂದು ಮಿರ್‌ನಲ್ಲಿ ಆಮ್ಲಜನಕ ಕೊಡುವ ರಾಸಾಯನಿಕ ಡಬ್ಬಿ ಹೊತ್ತಿಕೊಂಡಾಗ ಆರು ಮಂದಿಯಿದ್ದರು, ಮೂರು ಸೀಟಿನ ಎರಡು ಸೊಯುಜ್‌ಗಳಿದ್ದವು, ಒಂದರ ದಾರಿಗೆ ಬೆಂಕಿ ಅಡ್ಡವಾಗಿತ್ತು. ಉರಿಗೆ ಬೇಕಾದ ಆಮ್ಲಜನಕವನ್ನು ಡಬ್ಬಿಯೇ ಕೊಡುತ್ತಿದ್ದುದರಿಂದ ಗಾಳಿ ತಡೆದು ಆರಿಸುವ ಹಾಗೂ ಇರಲಿಲ್ಲ. ಆರೂ ಜನ ಬದುಕಿದರು. ನಿಮ್ಮ ನಾಟಕದಲ್ಲಿ ತೂತು ನೌಕೆಯ ದಾರಿಯಲ್ಲೇ ಇದ್ದು, ಬಾಗಿಲು ಮುಚ್ಚಿದರೆ ಯಾರೋ ಒಬ್ಬರು ಆಚೆ ಉಳಿಯುವಂತಿದ್ದರೆ, ಕೊನೆಯ ಆರು ಪುಟಗಳ ಭಾಷಣ ಬೇಕಾಗುವುದಿಲ್ಲ. ಹಾಗೆ ತಿದ್ದಿ ಮತ್ತೆ ಕಳಿಸಿ. ಈ ಸಲ ಮೊದಲ ಐದು ನಿಮಿಷದ ಧ್ವನಿಮುದ್ರಣವೂ ಜೊತೆಗಿರಲಿ.

— ಸಂಪಾದಕ