ಸ್ಕ್ಯಾನ್ ನೋಡಿಯೇ ಗೆಡ್ಡೆಯ ಜೀನ್ ಗೊತ್ತಾಗುತ್ತಾ?

ಪತ್ರ: ಗದಗದಿಂದ ನನ್ನ ಮೈದುನ ಚಿಕಿತ್ಸೆಗೆಂದು ನಮ್ಮ ಮನೆಗೆ ಬಂದಿದ್ದಾನೆ. ವಯಸ್ಸು 34. ಫಿಟ್ಸ್ ಬಂತೆಂದು ಎಂಆರ್‌ಐ ಮಾಡಿಸಿದಾಗ ಮೆದುಳಲ್ಲಿ ಗೆಡ್ಡೆ ಕಂಡಿತು. ಮುಂಬೈಯ ಪರೇಲ್‌ನ ಆಸ್ಪತ್ರೆಯಲ್ಲಿ ತೋರಿಸಿದೆವು, ಆಪರೇಷನ್ ಆಗಬೇಕು ಅಂದಿದ್ದಾರೆ. ಈಗ ಕಂಪ್ಯೂಟರ್ ಎಂಆರ್‌ಐ ನೋಡಿಯೇ ಗೆಡ್ಡೆಯ ಜೀನ್ ಹೇಳುತ್ತದಂತೆ, ತಲೆ ತೆರೆಯುವುದೇ ಬೇಡವಂತೆ ಎಂದು ನೆಂಟರೊಬ್ಬರು ಹೇಳಿಹೋದರು. ಅಂದಿನಿಂದ ಅತ್ತೆ ಆಪರೇಷನ್ ಬೇಡವೆಂದು ಪಟ್ಟು ಹಿಡಿದಿದ್ದಾರೆ. ಜೀನ್ ಅಂದಮೇಲೆ ಮಕ್ಕಳಿಗೂ ಬರುತ್ತಾ?
– ಓದುಗರೊಬ್ಬರು, ಡೊಂಬಿವಲಿ

ಸಂಪಾದಕರ ಉತ್ತರ:

ಮೊದಲು ಅತ್ತೆಯವರಿಗೆ ಇಷ್ಟು ಹೇಳಿ ತಾಯಿ. ಆಪರೇಷನ್ ಮಾಡುವುದು ಬರೀ ಗೆಡ್ಡೆ ಯಾವುದೆಂದು ತಿಳಿಯಲು ಅಲ್ಲ. ಗೆಡ್ಡೆಯನ್ನು ಆದಷ್ಟು ತೆಗೆದರೆ ಮೆದುಳಿನ ಮೇಲಿನ ಒತ್ತಡ ಇಳಿಯುತ್ತದೆ, ಮುಂದಿನ ಚಿಕಿತ್ಸೆಗೂ ಅನುಕೂಲ. ಸ್ಕ್ಯಾನ್ ಎಷ್ಟೇ ಜಾಣನಾದರೂ ಆ ಕೆಲಸ ಮಾಡಲಾರದು.

ಹಾಗಂತ ನಿಮ್ಮ ನೆಂಟರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಗ್ಲಯೋಮಾ ಎಂಬ ಮೆದುಳಿನ ಗೆಡ್ಡೆಗಳಲ್ಲಿ ಐಡಿಎಚ್ ಎಂಬ ಜೀನ್ ಬದಲಾಗಿದೆಯೇ ಇಲ್ಲವೇ ಎನ್ನುವುದರ ಮೇಲೆ ಬಹಳಷ್ಟು ನಿಂತಿದೆ. ಬದಲಾಗಿದ್ದರೆ ಗೆಡ್ಡೆ ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುತ್ತದೆ, ರೋಗಿ ಜಾಸ್ತಿ ವರ್ಷ ಬಾಳುತ್ತಾರೆ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರತಂದ ಪಟ್ಟಿಯ ಪ್ರಕಾರ ಈ ಜೀನ್ ನೋಡದೆ ದೊಡ್ಡವರ ಗ್ಲಯೋಮಾಕ್ಕೆ ಸರಿಯಾದ ಹೆಸರನ್ನೇ ಇಡಲಾಗದು.

ಇದರ ಸುಳಿವು ಎಂಆರ್‌ಐಯಲ್ಲಿ ಸಿಗುವುದುಂಟು. ನಿಮ್ಮ ಫೈಲಿನಲ್ಲಿ ಟಿ2 ಮತ್ತು ಫ್ಲೇರ್ ಎಂಬ ಎರಡು ಬಗೆಯ ಚಿತ್ರಗಳಿರುತ್ತವೆ. ಕೆಲವು ಗೆಡ್ಡೆಗಳು ಟಿ2ರಲ್ಲಿ ಪೂರ್ತಿ ಬೆಳ್ಳಗೆ ಕಾಣುತ್ತವೆ. ಅದೇ ಗೆಡ್ಡೆ ಫ್ಲೇರ್‌ನಲ್ಲಿ ನಡುವೆ ಕಪ್ಪಾಗಿ, ಅಂಚಿಗೆ ಮಾತ್ರ ಬಿಳಿ ಗೆರೆ ಉಳಿಸಿಕೊಳ್ಳುತ್ತದೆ. ದೊಡ್ಡವರಲ್ಲಿ ಇದು ಸ್ಪಷ್ಟವಾಗಿ ಕಂಡರೆ, ಐಡಿಎಚ್ ಬದಲಾದ ಆಸ್ಟ್ರೋಸೈಟೋಮಾ ಎಂಬ ಬಗೆಯ ಗ್ಲಯೋಮಾ ಇರಬೇಕೆಂದು ರೇಡಿಯಾಲಜಿಸ್ಟ್ ಸಾಕಷ್ಟು ಧೈರ್ಯವಾಗಿ ಬರೆಯಬಲ್ಲರು. ಕಾಣದಿದ್ದರೆ? ಏನನ್ನೂ ಹೇಳುವಂತಿಲ್ಲ. ಐಡಿಎಚ್ ಬದಲಾದ ಎಷ್ಟೋ ಗೆಡ್ಡೆಗಳಲ್ಲಿ ಈ ಗುರುತು ಇರುವುದೇ ಇಲ್ಲ. ಬದಲಾದ ಐಡಿಎಚ್ ಗೆಡ್ಡೆಯೊಳಗೆ ಒಂದು ವಿಶೇಷ ರಾಸಾಯನಿಕವನ್ನೂ ತುಂಬಿಸುತ್ತದೆ. ಸ್ಪೆಕ್ಟ್ರೋಸ್ಕೋಪಿ ಎಂಬ ಎಂಆರ್‌ಐ ವಿಧಾನದಲ್ಲಿ ಅದನ್ನು ಹುಡುಕಬಹುದು. ಆದರೆ ಅದು ನಾಜೂಕಿನ ಕೆಲಸ, ಎಲ್ಲ ಸೆಂಟರುಗಳಲ್ಲೂ ಆಗುವಂಥದ್ದಲ್ಲ.

ಎಲ್ಲ ಜೀನ್‌ಗಳೂ ಹೀಗೆ ಸುಳಿವು ಕೊಡುವುದಿಲ್ಲ. ಎಂಜಿಎಂಟಿ ಎಂಬ ಜೀನ್ ಒಂದಿದೆ. ಟೆಮೊಜೊಲೊಮೈಡ್ ಎಂಬ ಕೀಮೋ ಮಾತ್ರೆ ಎಷ್ಟು ಕೆಲಸ ಮಾಡೀತು ಎಂಬ ಅಂದಾಜು ಅದರಿಂದ ಸಿಗುತ್ತದೆ. 2021ರಲ್ಲಿ ಬರೀ ಎಂಆರ್‌ಐ ನೋಡಿ ಅದರ ಸ್ಥಿತಿ ಹೇಳುವ ಕಂಪ್ಯೂಟರ್ ಪ್ರೋಗ್ರಾಂಗಳಿಗೆ ಅಂತರರಾಷ್ಟ್ರೀಯ ಸ್ಪರ್ಧೆಯೇ ನಡೆಯಿತು. ಗೆದ್ದ ಪ್ರೋಗ್ರಾಂ ಕೂಡ ನಾಣ್ಯ ಚಿಮ್ಮಿ ಹೇಳುವುದಕ್ಕಿಂತ ತುಸು ಮೇಲು, ಅಷ್ಟೇ. ಇಂಥದ್ದನ್ನು ನಂಬಿ ಮನುಷ್ಯನಿಗೆ ಔಷಧ ಬರೆಯಲಾಗುತ್ತದಾ?

ನಮ್ಮ ದೇಶದಲ್ಲಿ ಇನ್ನೊಂದು ತೊಡಕಿದೆ. ಮೆದುಳಿನಲ್ಲಿ ಕ್ಷಯದ ಗಂಟು ಆಗುವುದುಂಟು. ಕಾಂಟ್ರಾಸ್ಟ್ ಎಂಬ ಔಷಧ ಚುಚ್ಚಿ ತೆಗೆದ ಎಂಆರ್‌ಐ ಚಿತ್ರದಲ್ಲಿ ಅದೂ ಉಂಗುರದಂತೆ ಹೊಳೆಯುತ್ತದೆ, ಕೆಟ್ಟ ಗೆಡ್ಡೆಯೂ ಹಾಗೇ ಹೊಳೆಯುತ್ತದೆ. ಟಿಬಿ ಅಪರೂಪವಾಗಿರುವ ದೇಶಗಳ ಸ್ಕ್ಯಾನ್‌ಗಳನ್ನೇ ನೋಡಿ ಕಲಿತ ಪ್ರೋಗ್ರಾಂ ಇಲ್ಲಿ ಎಡವಿದರೆ ಆಶ್ಚರ್ಯವಿಲ್ಲ. ಇಲ್ಲಿನ ಆಸ್ಪತ್ರೆಗಳ ಸ್ಕ್ಯಾನ್‌ಗಳ ಮೇಲೆ ಪರೀಕ್ಷೆಯಾಗದ ಯಾವ ಪ್ರೋಗ್ರಾಮನ್ನೂ ನಮ್ಮ ರೋಗಿಗಳ ಮೇಲೆ ಹೇರಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಆದರೂ ಈ ಸಂಶೋಧನೆ ಬೇಕೇ ಬೇಕು. ಮೆದುಳುಕಾಂಡದಲ್ಲಿ ಗೆಡ್ಡೆ ಕೂತಿದ್ದರೆ ಚೂರು ತೆಗೆಯುವುದೂ ಅಪಾಯ, ಅದರಲ್ಲೂ ಮಕ್ಕಳಲ್ಲಿ. ಅಲ್ಲಿ ಸ್ಕ್ಯಾನ್ ಕೊಡುವ ಸಣ್ಣ ಸುಳಿವಿಗೂ ಬೆಲೆಯಿದೆ. ನಿಮ್ಮ ಮೈದುನನ ಗೆಡ್ಡೆ ಕೈಗೆ ಸಿಗುವ ಜಾಗದಲ್ಲಿದೆ ಎಂದೇ ಡಾಕ್ಟರು ಆಪರೇಷನ್ ಹೇಳಿರಬೇಕು. ನೇರವಾಗಿ ಅವರನ್ನೇ ಕೇಳಿ, ಸಂಕೋಚ ಬೇಡ.

ಇದೂ ಗೊತ್ತಿರಲಿ. ಐಡಿಎಚ್ ಬದಲಾದ ನಿಧಾನದ ಗೆಡ್ಡೆಗಳಿಗೆಂದೇ ವೊರಾಸಿಡೆನಿಬ್ ಎಂಬ ಮಾತ್ರೆಗೆ 2024ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದೂ ಆಪರೇಷನ್ ಇಲ್ಲವೇ ಬಯಾಪ್ಸಿ, ಅಂದರೆ ಪರೀಕ್ಷೆಗೆ ಗೆಡ್ಡೆಯ ಚೂರು ತೆಗೆಯುವುದು, ಆದವರಿಗೆ. ಜೀನ್ ನೋಡಿ ಕೊಡುವ ಔಷಧಕ್ಕೂ ಕೊನೆಗೆ ಗೆಡ್ಡೆಯ ಚೂರೇ ಬೇಕು.

ಮಕ್ಕಳ ವಿಷಯಕ್ಕೆ ಹೆದರಬೇಡಿ. ಈ ಬದಲಾವಣೆ ಗೆಡ್ಡೆಯ ಜೀವಕೋಶಗಳಲ್ಲಿ ಆಗಿರುವುದು, ತಂದೆ ತಾಯಿಯಿಂದ ಬಂದದ್ದಲ್ಲ. ವಂಶದಲ್ಲೇ ಬರುವ ಮೆದುಳಿನ ಗೆಡ್ಡೆಗಳು ಇವೆ, ಆದರೆ ತೀರಾ ಕಡಿಮೆ. ಮನೆಯಲ್ಲಿ ಬೇರೆ ಯಾರಿಗೂ ಇಂಥದ್ದು ಆಗಿಲ್ಲವೆಂದರೆ ಮಕ್ಕಳಿಗೆ ಸುಮ್ನೆ ಸ್ಕ್ಯಾನ್ ಮಾಡಿಸಬೇಡಿ.

ಆಪರೇಷನ್ ಆದಮೇಲೆ ತೆಗೆದ ಚೂರನ್ನು ಮೇಣದಲ್ಲಿ ಹುದುಗಿಸಿ ಇಡುತ್ತಾರೆ. ಅದಕ್ಕೆ ಬ್ಲಾಕ್ ಅನ್ನುತ್ತಾರೆ. ಮುಂದೆ ಬೇರೆ ಆಸ್ಪತ್ರೆಗೆ ಹೋದರೆ ಮೊದಲು ಕೇಳುವುದು ಸ್ಲೈಡ್ ಮತ್ತು ಬ್ಲಾಕ್. ಎಂಆರ್‌ಐಯ ಫಿಲ್ಮ್ ಜೊತೆ ಸಿಡಿಯನ್ನೂ ಕೇಳಿ ಪಡೆಯಿರಿ. ಪ್ಯಾಥಾಲಜಿ ರಿಪೋರ್ಟ್ ಕೈಗೆ ಬಂದಾಗ ಐಡಿಎಚ್ ಎಂದು ಎಲ್ಲಾದರೂ ಬರೆದಿದೆಯೇ ನೋಡಿ. ಇಲ್ಲದಿದ್ದರೆ ಆ ಟೆಸ್ಟ್ ಯಾವಾಗ ಆಗುತ್ತದೆ ಎಂದು ಅಲ್ಲೇ ಕೇಳಿಬಿಡಿ.